ತಾತನಿಗೆ ಹದಿನೇಳು

ಫೆಬ್ರವರಿ ೨೪, ಶನಿವಾರ

ಗೆದ್ದೆವು, ಐವತ್ತೆರಡಕ್ಕೆ ಐವತ್ತು, ನಮ್ಮ ಸಿಕುವಿಕ್‌ನ ಹುಡುಗಿಯರು ಆಂಕರೇಜಿನ ರಾಜ್ಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಹೋಗುತ್ತಿದ್ದಾರೆ, ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿದೆ, ಅದಕ್ಕೇ ಬರೆಯುತ್ತ ಕೂತಿದ್ದೇನೆ. ಗಂಟಲಿದ್ದಿದ್ದರೆ ಎನೋಕ್‌ಗೆ ಆರನೇ ಸಲ ಹೇಳುತ್ತಿದ್ದೆ. ಐದು ಸಲ ಹೇಳಿಯಾಗಿದೆ. ಪಂದ್ಯದ ಹೊತ್ತಿಗೆ ಅವನೂ ಅಲ್ಲೇ ಇದ್ದ, ಆದರೂ ಐದೂ ಸಲ ಏನೂ ಗೊತ್ತಿಲ್ಲದವನ ಹಾಗೆ ಬಾಯಿ ತೆರೆದು ಕೇಳಿದ. ಇಂಥ ಗಂಡ ಇನ್ನು ಯಾರಿಗಿದ್ದಾನೆ, ಹೇಳಲಿ ನೋಡೋಣ.

ಕೊನೆಯ ಒಂಬತ್ತು ಸೆಕೆಂಡು. ಒಂದು ಅಂಕ ಹಿಂದಿದ್ದೆವು. ರೂಡಿ ‘ಒಳಗೆ ಕೊಡು, ಒಳಗೆ ಕೊಡು’ ಎಂದು ಎರಡೂ ಕೈ ಬೀಸುತ್ತಿದ್ದ. ಹಗಲು ಊರಿನ ವಿದ್ಯುತ್ ಕೇಂದ್ರ ನೋಡಿಕೊಳ್ಳುವವನು, ಸಂಜೆ ತಂಡದ ತರಬೇತುದಾರ. ನಾನು ಅವನ ಸಹಾಯಕಿ, ಸಂಬಳವಿಲ್ಲದವಳು. ಡೋರಿ ಅವನ ಕಡೆ ನೋಡಲೂ ಇಲ್ಲ. ಅಂಗಳದ ನಡುಗೆರೆಗೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ನಿಂತಳು. ಯಾರೋ ಕರೆದ ಹಾಗೆ ಒಮ್ಮೆ ತಲೆ ಎತ್ತಿದಳು. ಎಸೆದಳು. ಚೆಂಡು ಬಳೆಯನ್ನೂ ಮುಟ್ಟದೆ ಬಲೆಯೊಳಗೆ ಇಳಿಯಿತು. ಊರಿನ ಆರುನೂರು ಜನರಲ್ಲಿ ಐನೂರು ಜನ ಆ ಕೋರ್ಟಿನಲ್ಲಿದ್ದರು. ಉಳಿದ ನೂರು ಜನಕ್ಕೆ ಮನೆಯಲ್ಲೇ ಸದ್ದು ಕೇಳಿಸಿರಬೇಕು.

ಡೋರ್ಕಾಸ್ ಅವಳ ಪೂರ್ತಿ ಹೆಸರು. ಹದಿನೇಳು ವರ್ಷ, ಐದಡಿ ನಾಲ್ಕಿಂಚು, ಮುಂದಿನ ಹಲ್ಲುಗಳ ನಡುವೆ ಸಂದಿ, ಗೆದ್ದರೂ ಸೋತರೂ ಒಂದೇ ಮುಖ. ಅವಳ ಆಟದ ವಿಡಿಯೋ ನೋಡಿದ ದಕ್ಷಿಣದ ಒಂದು ವಿಶ್ವವಿದ್ಯಾಲಯದ ತರಬೇತುದಾರ್ತಿ ರೂಡಿಗೆ ಫೋನ್ ಮಾಡಿದ್ದಾಳೆ. ಆಂಕರೇಜಿಗೆ ಬಂದು ಕಣ್ಣಾರೆ ನೋಡುತ್ತಾಳಂತೆ. ಅವಳಿಗೆ ಒಪ್ಪಿಗೆಯಾದರೆ ನಾಲ್ಕು ವರ್ಷದ ಓದು, ಊಟ, ವಸತಿ, ಎಲ್ಲಾ ಅವರದೇ. ಸಿಕುವಿಕ್‌ನಿಂದ ಇದುವರೆಗೆ ಯಾರಿಗೂ ಹೀಗೆ ಕರೆ ಬಂದಿಲ್ಲ.

ಇನ್ನೊಂದು ಸಂಗತಿ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನಮ್ಮ ಮಕ್ಕಳು ನಂಬುವುದಿಲ್ಲ. (ಮದುವೆಯಾಗಿ ಆರು ವಾರ. ಮಕ್ಕಳಂತೆ. ಎನೋಕ್ ಇದನ್ನು ಓದಿದರೆ ನಾನು ಸತ್ತೆ.) ಎನೋಕ್‌ನ ಅಜ್ಜಿ ಕೋರ್ಟಿನ ಅಂಚಿಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಎಂಬತ್ತೊಂದು ವರ್ಷ. ಇವತ್ತು ಡೋರಿ ಓಡುವಾಗೆಲ್ಲ ಪಕ್ಕದವರಿಗೆ ಹೇಳುತ್ತಿದ್ದರು, “ನೋಡ್ರಿ ನಮ್ಮ ಯಜಮಾನ್ರನ್ನ. ಈ ವಯಸ್ಸಲ್ಲೂ ಹೆಂಗೆ ಓಡ್ತಾರೆ.”

ಅಜ್ಜಿಯ ಗಂಡ ತಕುಲಿಕ್ ತೀರಿಹೋದ ಮೂರು ತಿಂಗಳಿಗೆ ಡೋರಿ ಹುಟ್ಟಿದಳಂತೆ. ಎರಡೂ ಮನೆಗಳ ನಡುವೆ ನೆಂಟಸ್ತಿಕೆ ಏನೂ ಇಲ್ಲ. ಆದರೆ ಮಗು ನೋಡಲು ಹೋದ ಅಜ್ಜಿ ‘ಬಂದ್ರಾ’ ಎಂದು ಕೇಳಿ, ಆ ಹೆಸರನ್ನು ಮಗುವಿಗೆ ಇಟ್ಟು ಬಂದರು. ಇಲ್ಲಿ ಹೆಸರು ಬಂದ ಮೇಲೆ ಹೆಸರಿನವರೂ ಬಂದ ಹಾಗೆ. ಅವತ್ತಿನಿಂದ ಅವಳು ಅಜ್ಜಿಯ ಯಜಮಾನರು. ಎನೋಕ್‌ಗೆ ತಾತ. ಹಾಗಾಗಿ, ಮದುವೆಯಾದ ದಿನದಿಂದ, ನನಗೂ ತಾತ. ನಾನು ಆಂಕರೇಜಿನಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿ ಬೆಳೆದವಳು. ನನಗಿಂತ ಏಳು ವರ್ಷ ಚಿಕ್ಕ ಹುಡುಗಿಯನ್ನು ತಾತ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ, ನಗು ಬರುತ್ತದೆ. ಕೋರ್ಟಿನಲ್ಲಿ ಅವಳು ಡೋರಿ. ಅಷ್ಟೇ.


ಫೆಬ್ರವರಿ ೨೫, ಭಾನುವಾರ

ಚರ್ಚಿನಿಂದ ಎಲ್ಲರೂ ಅಜ್ಜಿಯ ಮನೆಗೆ. ಹಿಮಸಾರಂಗದ ಸಾರು, ಎಣ್ಣೆಯಲ್ಲಿ ಕರಿದ ರೊಟ್ಟಿ, ಹೆಪ್ಪುಗಟ್ಟಿದ ಮೀನಿನ ಚೂರು. ನಾನು ಸಾರಿನ ಮೊದಲ ಬಟ್ಟಲನ್ನು ಅಜ್ಜಿಯ ಮುಂದಿಟ್ಟೆ. ಅಜ್ಜಿ ಅದನ್ನು ಎರಡು ಬೆರಳಲ್ಲಿ ಡೋರಿಯ ಕಡೆ ತಳ್ಳಿದರು.

“ಮೊದಲು ಯಜಮಾನ್ರಿಗೆ, ವಿಲ್ಮಾ. ನಾನೇನು ಓಡಿಹೋಗ್ತೀನಾ?”

ಡೋರಿ ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನ್ ನೋಡುತ್ತಿದ್ದಳು. ತಲೆ ಎತ್ತದೆ ದಪ್ಪ ದನಿ ಮಾಡಿ, “ಉಪ್ಪು ಕಮ್ಮಿ ಇದೆ ಕಣಮ್ಮ,” ಎಂದಳು. ಇನ್ನೂ ಬಾಯಿಗೇ ಇಟ್ಟಿರಲಿಲ್ಲ. ಅಜ್ಜಿ ನಕ್ಕು ಕಣ್ಣೊರೆಸಿಕೊಂಡರು. “ಹಿಂಗೇ ಅಂತಿದ್ರು. ತಿನ್ನೋಕೆ ಮುಂಚೆನೇ ಅಂತಿದ್ರು.”

ಎನೋಕ್ ಈ ವರ್ಷ ಮೊದಲ ಸಲ ದೋಣಿಯ ಮುಖ್ಯಸ್ಥ. ಅದು ತಕುಲಿಕ್ ತಾತನ ದೋಣಿ, ಆಮೇಲೆ ದೊಡ್ಡಪ್ಪನದು, ಈಗ ನನ್ನ ಎನೋಕ್‌ನದು. ಏಪ್ರಿಲ್‌ನಲ್ಲಿ ತಿಮಿಂಗಿಲಕ್ಕೆ ಹೋಗುತ್ತಾರೆ. ಅದಕ್ಕೆ ಮುಂಚೆ ದೋಣಿಯ ಮರದ ಚೌಕಟ್ಟಿನ ಹಳೆಯ ಹೊದಿಕೆ ಕಿತ್ತು ಸೀಲ್ ಎಂಬ ಕಡಲಪ್ರಾಣಿಯ ಹೊಸ ತೊಗಲು ಹೊಲಿಯಬೇಕು. ಹೊಲಿಯುವವರು ಹೆಂಗಸರು. “ನೀನೂ ಹೊಲೀಬೇಕು,” ಎಂದ. ನಾನು ಶಾಲೆಯಲ್ಲಿ ಒಂದು ಗುಂಡಿಯನ್ನೂ ಹೊಲಿದವಳಲ್ಲ, ಆದರೆ ಅವನು ಕೇಳುವಾಗ ಅವನ ಮೂಗಿನ ತುದಿ ಚಳಿಗೆ ಕೆಂಪಾಗಿತ್ತು, ಹೂಂ ಅಂದುಬಿಟ್ಟೆ.


ಫೆಬ್ರವರಿ ೨೮, ಬುಧವಾರ

ಸಂಜೆಯ ಅಭ್ಯಾಸಕ್ಕೆ ಡೋರಿ ಇಪ್ಪತ್ತು ನಿಮಿಷ ತಡ. ಮೊನ್ನೆ ಹತ್ತು ನಿಮಿಷ. ಬಂದು ಹತ್ತಕ್ಕೆ ಒಂಬತ್ತು ಹಾಕುತ್ತಾಳೆ, ಏನು ಹೇಳುವುದು? ರೂಡಿ ಏನೂ ಹೇಳುವುದಿಲ್ಲ. ಅವನಿಗೆ ಅವಳೆಂದರೆ ಒಳಗೊಳಗೇ ಭಯ.


ಮಾರ್ಚ್ ೧, ಶುಕ್ರವಾರ

ನಾನು ಸರಿಯಾಗಿಯೇ ಮಾತಾಡಿದೆ. ಆದರೂ ಊರಿನವರೆಲ್ಲ ನನ್ನನ್ನು ಮನೆಗೆ ಬೆಂಕಿ ಹಚ್ಚಿದವಳ ಹಾಗೆ ನೋಡುತ್ತಿದ್ದಾರೆ.

ಇವತ್ತು ನಲವತ್ತು ನಿಮಿಷ ತಡ. ಹತ್ತು ಹುಡುಗಿಯರು ಬೆವರಿ, ಆರಿ, ಚಳಿಗೆ ಕೋಟು ಹಾಕಿಕೊಂಡು ಕೂತಿದ್ದರು. ಪಂದ್ಯಾವಳಿಗೆ ಮೂರು ವಾರವೂ ಉಳಿದಿಲ್ಲ. ಆಗ ಡೋರಿ ಆರಾಮವಾಗಿ ಬಂದಳು, ಬೂಟಿನ ಹಿಮ ಒದರುತ್ತ, ಬಾಯಲ್ಲಿ ಏನೋ ಅಗಿಯುತ್ತ. ನನಗೆ ಎಲ್ಲಿತ್ತೋ ಸಿಟ್ಟು.

“ಡೋರ್ಕಾಸ್, ನಲವತ್ತು ನಿಮಿಷ. ಯಾರು ಅಂದ್ಕೊಂಡಿದೀಯ ನೀನು? ನಿನ್ನೊಬ್ಬಳಿಗೋಸ್ಕರ ಇವರೆಲ್ಲ ಕಾಯ್ಬೇಕಾ? ಎರಡು ಸಲ ಚೆನ್ನಾಗಿ ಎಸೆದ್ಬಿಟ್ರೆ ಕೊಬ್ಬು ಬಂದ್ಬಿಡುತ್ತಾ?”

ಕೋರ್ಟಿನಲ್ಲಿ ಚೆಂಡು ಪುಟಿಯುವುದು ನಿಂತಿತು. ಗೋಡೆಯ ಬದಿಯಲ್ಲಿ ಏಳೆಂಟು ಮುದುಕಿಯರು ಸಾಲಾಗಿ ಕೂತಿದ್ದರು, ಸಂಜೆ ಬೆಚ್ಚಗಿರುತ್ತದೆಂದು ಬರುತ್ತಾರೆ. ನಡುವೆ, ಆಗಷ್ಟೇ ಡೋರಿಯ ಹಿಂದೆ ಬಂದು ಕೂತ ನಮ್ಮ ಅಜ್ಜಿ. ಅಜ್ಜಿ ಊರುಗೋಲು ಹಿಡಿದು ಎದ್ದರು. ನನ್ನ ಕಡೆ ನೋಡಲಿಲ್ಲ. ಡೋರಿಗೆ, “ಬನ್ನಿ, ಮನೆಗೆ ಹೋಗೋಣ,” ಎಂದರು. ಡೋರಿ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಬೂಟು ಬಿಚ್ಚದೆ ಅವರ ಹಿಂದೆ ಹೋದಳು. ಉಳಿದ ಮುದುಕಿಯರೂ ಒಬ್ಬೊಬ್ಬರಾಗಿ ಎದ್ದರು.

ರೂಡಿ ಸೀಟಿಯನ್ನು ಬಾಯಿಂದ ತೆಗೆದು ಹೇಳಿದ್ದು ಇಷ್ಟೇ: “ಅಯ್ಯೋ ವಿಲ್ಮಾ.”


ಮಾರ್ಚ್ ೨, ಶನಿವಾರ

ಎನೋಕ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೀ ಮಾಡಿಕೊಟ್ಟು, ಎದುರು ಕೂತು, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ.

“ನೀನು ಊರವರೆದುರಿಗೆ ತಾತಂಗೆ ಬೈದೆ. ಅದೊಂದು.”

“ನಾನು ಡೋರಿಗೆ ಬೈದೆ. ತಡವಾಗಿ ಬಂದ ಹುಡುಗಿಗೆ.”

“ಅಜ್ಜಿ ಕಣ್ಣಿಗೆ ಅಲ್ಲಿ ಹುಡುಗಿ ಇರ್ಲಿಲ್ಲ. ಇನ್ನೊಂದು, ನೀನೀಗ ದೋಣಿ ಮುಖ್ಯಸ್ಥನ ಹೆಂಡ್ತಿ. ತೊಗಲು ನೆನೆಹಾಕಿದ ಮೇಲೆ ನೀನು ದನಿ ಎತ್ತಬಾರದು. ತಿಮಿಂಗಿಲ ಬರೋದು ನನ್ನ ಈಟಿ ನೋಡಿ ಅಲ್ಲ ಕಣೇ. ಸಿಟ್ಟಿಲ್ಲದ ಹೆಂಗಸಿನ ಮನೆಗೆ ಬರುತ್ತೆ.”

“ಹಾಗಾದ್ರೆ ನಿನಗೆ ಸೊಳ್ಳೆನೂ ಸಿಗಲ್ಲ ಈ ವರ್ಷ,” ಎಂದೆ. ನಗಲಿ ಎಂದು ಹೇಳಿದ್ದು. ನಕ್ಕ, ಆದರೆ ಟೀ ಮುಗಿಸದೆ ಎದ್ದ.

ಅಜ್ಜಿ ಹೇಳಿ ಕಳಿಸಿದ್ದಾರೆ: ‘ನಮ್ಮ ಯಜಮಾನರು ಇನ್ನು ಆ ಆಟದ ಮನೆಗೆ ಕಾಲಿಡುವುದಿಲ್ಲ. ಆಂಕರೇಜಿಗೂ ಹೋಗುವುದಿಲ್ಲ.’

ಡೋರಿಯ ಅಮ್ಮ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ಓಡಿಹೋಗಿ ಕೈ ಹಿಡಿದುಕೊಂಡೆ. ನಿಮ್ಮ ಮಗಳ ಬದುಕಿನ ಪ್ರಶ್ನೆ, ನೀವಾದರೂ ಹೇಳಿ ಎಂದೆ. ಅವಳು ಬಿಸ್ಕತ್ತಿನ ಡಬ್ಬಿ ಜೋಡಿಸುತ್ತಲೇ ಇದ್ದಳು. “ನಾನು ಹೇಳೋದು ಹೆಂಗೆ ವಿಲ್ಮಾ? ಅವಳು ಅವರ ಯಜಮಾನ್ರು. ನಾನು ಬರೀ ಅಮ್ಮ.”

ಡೋರಿಗೆ ಸಂದೇಶ ಕಳಿಸಿದೆ. ಉತ್ತರ ಬಂತು: ‘ಅಜ್ಜಿ ಬೇಡ ಅಂದ್ರೆ ಹೋಗಲ್ಲ. ಸಾರಿ ಕೋಚ್. ತಡ ಆಗಿದ್ದಕ್ಕೂ ಸಾರಿ.’


ಮಾರ್ಚ್ ೩, ಭಾನುವಾರ

ಏನೂ ಬರೆಯಲಾರೆ. ಅಜ್ಜಿ ಊಟಕ್ಕೆ ಕರೆಯಲಿಲ್ಲ. ಎನೋಕ್ ಮೀನು ಕರಿದ, ಕರಕಲಾಯಿತು, ಇಬ್ಬರೂ ತಿಂದೆವು.


ಮಾರ್ಚ್ ೫, ಮಂಗಳವಾರ

ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಅಂಗಡಿಯಿಂದ ದೊಡ್ಡ ಚಾಕೊಲೇಟ್ ಪೊಟ್ಟಣ ತೆಗೆದುಕೊಂಡು ಡೋರಿಯ ಮನೆಗೆ ಹೋದೆ. ಹಾಗೆ ಮಾತಾಡಬಾರದಿತ್ತು ಎಂದೆ. “ಬಿಡಿ ಕೋಚ್, ನಾನೂ ತಡ ಮಾಡಬಾರ್ದಿತ್ತು,” ಎಂದು ಅರ್ಧ ಪೊಟ್ಟಣ ಅಲ್ಲೇ ತಿಂದಳು. ತಡವಾಗಿದ್ದಕ್ಕೆ ಕಾರಣವನ್ನೂ ಹೇಳಿದಳು. ಅಜ್ಜಿಗೆ ಈಗ ಸಂಜೆ ಕಣ್ಣು ಮಂಜು. ನಾಲ್ಕಕ್ಕೆ ಔಷಧಿಯ ಹನಿ ಹಾಕಬೇಕು, ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಬೇಕು. ಒಬ್ಬರೇ ಮಲಗಲು ಅವರಿಗೆ ಬೇಸರ. ಅದಕ್ಕೆ ಇವಳು ಪಕ್ಕದಲ್ಲಿ ಕೂರುತ್ತಾಳೆ.

“ಇದನ್ನ ಆವತ್ತೇ ಹೇಳೋದಲ್ವಾ?”

“ಹೆಂಡ್ತಿಗೆ ಹುಷಾರಿಲ್ಲ ಅಂತ ಎಲ್ಲರೆದುರಿಗೆ ಹೇಳ್ಕೊಂಡು ತಿರುಗ್ತಾರಾ?” ಎಂದು ಮುಖ ಗಂಟಿಕ್ಕಿದಳು. ತಮಾಷೆಗೋ ನಿಜಕ್ಕೋ, ಗೊತ್ತಾಗಲಿಲ್ಲ.

ಅಲ್ಲಿಂದ ನೇರ ಅಜ್ಜಿಯ ಮನೆಗೆ. ಡೋರಿಯ ಹತ್ತಿರ ಕ್ಷಮೆ ಕೇಳಿಬಂದೆ, ಅವಳಿಗೆ ಬೇಸರವಿಲ್ಲವಂತೆ ಎಂದೆ. ಅಜ್ಜಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು.

“ಏನು ಕೊಟ್ಟೆ?”

“ಚಾಕೊಲೇಟು.”

“ಅವರು ಚಾಕೊಲೇಟು ತಿಂತಿರ್ಲಿಲ್ಲ. ನೀನು ಆ ಮಗೂಗೆ ಕೊಟ್ಟೆ. ಮಗೂಗೆ ಹೇಳ್ದೆ. ಒಳ್ಳೇದೇ. ಯಜಮಾನ್ರಿಗೆ ಯಾವಾಗ ಹೇಳ್ತೀಯ?”

“ಅವರಿಗೆ ಹೇಗೆ ಹೇಳ್ಬೇಕು ಅಜ್ಜಿ? ನನಗೆ ಗೊತ್ತಿಲ್ಲ. ನನಗೆ ಯಾರೂ ಹೇಳ್ಕೊಟ್ಟಿಲ್ಲ.” ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು, ಎಂಥ ನಾಚಿಕೆ.

ಅಜ್ಜಿ ಸೂಜಿ ದಾರ ಎರಡನ್ನೂ ನನ್ನ ಕೈಗಿಟ್ಟರು. “ಪೋಣಿಸು. ಅವರ ದೋಣಿ ಹೊಲಿ. ನೀರು ಒಳಗೆ ಬರದ ಹಾಗೆ ಹೊಲಿ. ಹೊಲಿದು ಆಮೇಲೆ ಬಾಯಿ ಬಿಡು.”


ಮಾರ್ಚ್ ೭, ಗುರುವಾರ

ಬೆರಳುಗಳೆಲ್ಲ ತೂತು. ಎಡ್ನಾ ಚಿಕ್ಕಮ್ಮ ಹೊಲಿಗೆಯ ಹೆಂಗಸರಿಗೆಲ್ಲ ಹಿರಿಯಳು, ಅಜ್ಜಿ ನನ್ನನ್ನು ಅವಳ ಕೈಗೆ ಒಪ್ಪಿಸಿದ್ದಾರೆ. ಹಳೆಯ ತೊಗಲಿನ ಎರಡು ತುಂಡು, ಹಿಮಸಾರಂಗದ ಬೆನ್ನಿನ ನರ ಹೊಸೆದ ದಾರ. ಸೂಜಿ ತೊಗಲಿನ ಅರ್ಧ ದಪ್ಪದವರೆಗೆ ಮಾತ್ರ ಇಳಿಯಬೇಕು, ಆಚೆ ಬದಿಗೆ ಬರಬಾರದು. ಬಂದರೆ ಅಲ್ಲೊಂದು ಕಿಂಡಿ, ಕಿಂಡಿಯಲ್ಲಿ ಸಮುದ್ರ. ಒಂದು ಬದಿಯಿಂದ ಹೊಲಿದು, ಮಡಚಿ, ಇನ್ನೊಂದು ಬದಿಯಿಂದ ಮತ್ತೆ.

ನನ್ನ ಹೊಲಿಗೆಯನ್ನು ಎಡ್ನಾ ಚಿಕ್ಕಮ್ಮ ದೀಪಕ್ಕೆ ಹಿಡಿದಳು. “ಇದು ದೋಣಿಗಲ್ಲ. ಬಸಿಯೋಕೆ ಬರುತ್ತೆ, ಅಡುಗೆ ಮನೇಲಿಟ್ಕೋ.”

ಎಲ್ಲವನ್ನೂ ಬಿಚ್ಚಿಸಿದಳು. ನಾನು ದನಿ ಎತ್ತಲಿಲ್ಲ. ಎರಡು ಸಲ ತುಟಿ ಕಚ್ಚಿಕೊಂಡೆ.

ತಂಡ ಇವತ್ತು ಅಭ್ಯಾಸಕ್ಕೆಂದು ಶಾಲೆಯ ಮೇಷ್ಟ್ರುಗಳ ಮೇಲೆ ಆಡಿ ಸೋತಿತು. ಮೇಷ್ಟ್ರುಗಳಲ್ಲಿ ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಅರುವತ್ತು ವರ್ಷ.


ಮಾರ್ಚ್ ೯, ಶನಿವಾರ

ಇವತ್ತೊಂದು ನೋಡಿದೆ, ನೆನೆದರೆ ಈಗಲೂ ಖುಷಿಯಾಗುತ್ತದೆ.

ಹೊಲಿಗೆಯ ತುಂಡು ತೋರಿಸಲು ಅಜ್ಜಿಯ ಮನೆಗೆ ಹೋದೆ. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ, ಬಿಸಿಲೋ ಬಿಸಿಲು. ಡೋರಿಯ ಚೆಂಡು ಮೆಟ್ಟಿಲ ಹತ್ತಿರ ಬಿದ್ದಿತ್ತು. ಎತ್ತಿ ನೆಲಕ್ಕೆ ಬಡಿದೆ, ಕಲ್ಲಿನ ಹಾಗೆ ಬಿದ್ದಲ್ಲೇ ಕೂತಿತು. ಈ ಚಳಿಯಲ್ಲಿ ಹೊರಗೆ ಆಡುವ ಹಾಗಿಲ್ಲ. ಒಳಗಿನಿಂದ ಅಜ್ಜಿಯ ದನಿ ಬಂತು.

“ಮೇಲೆ ಹೋಯ್ತು. ಮೊಣಕೈ ಒಳಗಿಟ್ಕೊಳ್ಳಿ ಅಂದೆ ನಾನು.”

ಬಾಗಿಲ ಸಂದಿಯಿಂದ ನೋಡಿದೆ. ಅಜ್ಜಿ ಹಾಸಿಗೆಯ ಮೇಲೆ ಒರಗಿದ್ದಾರೆ, ಕಣ್ಣಿಗೆ ಹನಿ ಹಾಕಿ ಮೇಲೆ ಹತ್ತಿ ಇಟ್ಟಿದೆ. ಡೋರಿ ಬಾಗಿಲ ಬಳಿಯಿಂದ ಸುತ್ತಿದ ಉಣ್ಣೆಯ ಕಾಲುಚೀಲಗಳನ್ನು ಬಟ್ಟೆಬೀರುವಿನ ಮೇಲಿರುವ ಬಿಸ್ಕತ್ತಿನ ಖಾಲಿ ಡಬ್ಬಿಗೆ ಎಸೆಯುತ್ತಿದ್ದಾಳೆ. ಅಜ್ಜಿ ಸದ್ದಿನಲ್ಲೇ ಲೆಕ್ಕ ಹಿಡಿಯುತ್ತಿದ್ದಾರೆ. ಡಬ್ಬಿಗೆ ಬಿದ್ದರೆ ಒಂದು ಸದ್ದು, ಬೀರುವಿಗೆ ಬಡಿದರೆ ಇನ್ನೊಂದು.

“ಎಷ್ಟಾಯ್ತು?”

“ನಲವತ್ತಕ್ಕೆ ಮೂವತ್ತೆಂಟು,” ಎಂದಳು ಡೋರಿ.

“ಮೂವತ್ತೇಳು. ನನಗೆ ಕಣ್ಣು ಮಂಜು, ಕಿವಿ ಅಲ್ಲ.”

ಅಜ್ಜಿಗೂ ತಮ್ಮ ಯಜಮಾನರು ಆಡಬೇಕು, ಆಂಕರೇಜಿಗೆ ಹೋಗಬೇಕು. ನನ್ನಷ್ಟೇ ಆಸೆ ಇದೆ. ಆದರೆ ಒಂದು ಮಾತು ಆಡಿಬಿಟ್ಟಿದ್ದಾರೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ದಾರಿ ನನ್ನ ಕಡೆಯಿಂದ ಬರಬೇಕು. ಬಾಗಿಲು ತಟ್ಟದೆ ಮನೆಗೆ ಬಂದು ಇನ್ನೆರಡು ಗೇಣು ಹೊಲಿದೆ.


ಮಾರ್ಚ್ ೧೧, ಸೋಮವಾರ

ತೊಗಲು ನಾಳೆಗೆ ಹದವಂತೆ. ಎಡ್ನಾ ಚಿಕ್ಕಮ್ಮ ಮೂಸಿ, ಉಗುರಿನಿಂದ ಒತ್ತಿ ಹೇಳಿದಳು. ತಂಡದ ವಿಮಾನ ಗುರುವಾರ. ರೂಡಿ ಡೋರಿಯ ಟಿಕೆಟ್ಟು ಇನ್ನೂ ರದ್ದು ಮಾಡಿಲ್ಲ. “ಬುಧವಾರ ಸಂಜೆ ತನಕ ನೋಡ್ತೀನಿ,” ಎನ್ನುತ್ತಾನೆ.

ಹೊಲಿಯಲು ಬರುವ ಹೆಂಗಸರಿಗೆಂದು ಎಪ್ಪತ್ತು ರೊಟ್ಟಿ ಕರಿದೆ. ಎನೋಕ್ ಹಿಟ್ಟು ಕಲಸಿದ, ಗಡ್ಡಕ್ಕೆಲ್ಲ ಹಿಟ್ಟು. ಎಷ್ಟು ಚೆಂದ ಕಾಣುತ್ತಾನೆ ಎಂದು ಇಲ್ಲಿ ಬರೆಯಬಾರದು, ಬರೆದೆ.


ಮಾರ್ಚ್ ೧೩, ಬುಧವಾರ

ಎರಡು ದಿನ, ಒಂಬತ್ತು ಹೆಂಗಸರು, ಆರು ತೊಗಲು. ನಮ್ಮ ಮನೆಯ ನಾತ ಬೇಸಿಗೆಯವರೆಗೂ ಹೋಗಲಾರದು. ನನ್ನ ಕೂದಲು, ದಿಂಬು, ಈ ಪುಸ್ತಕ, ಎಲ್ಲಾ ಸೀಲ್ ಎಣ್ಣೆ. ನನಗೆ ಯಾಕೋ ಇದು ಇಷ್ಟವಾಗತೊಡಗಿದೆ.

ಕಿಟಕಿಯ ಪಕ್ಕದ ಕುರ್ಚಿ ತಾತನಿಗೆ. ಹೊಲಿಗೆ ಮುಗಿಯುವವರೆಗೆ ದೋಣಿಯ ಹಳೆಯ ಯಜಮಾನರು ಕೋಣೆಯಲ್ಲೇ ಇರಬೇಕೆಂದು ಅಜ್ಜಿ ಕೂರಿಸಿದ್ದರು. ತಾತ ಶಾಲೆಯ ಗಣಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಡುನಡುವೆ ಎದ್ದು ಟೀ ಸುರಿದುಕೊಂಡು ಬರುತ್ತಿದ್ದರು. ಹೆಂಗಸರು ಸುಮ್ಮನಿರುತ್ತಾರೆಯೇ.

“ತಕುಲಿಕ್, ನನ್ನ ಗಂಡಂಗೆ ನೀನು ಒಂದು ಕೊಡಲಿ ಕೊಡಬೇಕಿತ್ತಲ್ಲ, ಮೂವತ್ತು ವರ್ಷ ಆಯ್ತು,” ಎಂದಳೊಬ್ಬಳು.

“ನಿನ್ನ ಗಂಡ ನನಗೆ ಎರಡು ಕೊಡಬೇಕು,” ಎಂದರು ತಾತ, ಪುಸ್ತಕದಿಂದ ತಲೆ ಎತ್ತದೆ. ಒಂಬತ್ತು ಜನರ ನಗೆಗೆ ತೊಗಲು ನಡುಗಿತು.

ನನ್ನ ಪಾಲಿಗೆ ಬಂದದ್ದು ದೋಣಿಯ ಎಡಬದಿಯ ಒಂದು ಮಾರು. ಮಧ್ಯಾಹ್ನ ಎಡ್ನಾ ಚಿಕ್ಕಮ್ಮ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಂತಳು. ಸೂಜಿ ಆಚೆ ಬಂದಿತ್ತು. ಒಂದೇ ಒಂದು ಕಡೆ. ನಾನೇ ಬಿಚ್ಚಲು ಶುರು ಮಾಡಿದೆ. ಅರ್ಧ ದಿನದ ಹೊಲಿಗೆ. ಎಲ್ಲರೂ ತಮ್ಮ ತಮ್ಮ ಪಾಲು ಮುಗಿಸಿ ಟೀ ಕುಡಿಯುತ್ತ ಕಾದರು, ನಾನೊಬ್ಬಳೇ ಹೊಲಿದೆ. ತೊಗಲು ಒಣಗದಿರಲೆಂದು ಅಜ್ಜಿ ನನ್ನ ಪಕ್ಕದಲ್ಲಿ ಕೂತು ಒದ್ದೆಬಟ್ಟೆ ಒತ್ತುತ್ತಿದ್ದರು.

ಕೊನೆಯ ಗಂಟು ಹಾಕಿದಾಗ ಐದೂವರೆ. ಎಡ್ನಾ ಚಿಕ್ಕಮ್ಮ ಹೊಲಿಗೆಯ ಮೇಲೆ ನೀರು ಸುರಿದು, ಕೆಳಗೆ ಅಂಗೈ ಹಿಡಿದು, ಮೆಲ್ಲಗೆ ನೂರು ಎಣಿಸಿದಳು. ಅಂಗೈ ತೋರಿಸಿದಳು. ಒಣಗಿತ್ತು.

ಆಗ ಎದ್ದೆ. ಏನು ಹೇಳಬೇಕೆಂದು ಮೂರು ದಿನ ಬಾಯಿಪಾಠ ಮಾಡಿದ್ದೆ, ಒಂದು ಅಕ್ಷರವೂ ನೆನಪಾಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನೆಲದ ಮೇಲೆ ಕೂತೆ.

“ತಾತ, ನಿಮಗೆ ಎಲ್ಲರ ಮುಂದೆ ಬೈದೆ. ತಪ್ಪಾಯ್ತು. ನಿಮ್ಮ ದೋಣಿ ಹೊಲಿದಿದೀನಿ, ನೀರು ಬರಲ್ಲ. ಎನೋಕ್ ಅದರಲ್ಲಿ ಹೋಗ್ತಾನೆ. ನನ್ನ ಸಿಟ್ಟು ಅವನ ಹಿಂದೆ ಹೋಗದ ಹಾಗೆ ನೋಡ್ಕೊಳ್ಳಿ.”

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಪುಸ್ತಕ ಮುಚ್ಚಿದರು. ನನ್ನ ಬೆರಳುಗಳ ಗಾಯ ನೋಡಿ, ತಮ್ಮ ಚಿಕ್ಕ ಕೈಯಲ್ಲಿ ನನ್ನ ಕೈ ಹಿಡಿದು, “ಆಯ್ತು ಮಗಾ,” ಎಂದರು. “ಕೈಗೆ ಎಣ್ಣೆ ಹಚ್ಕೋ.”

ಆಮೇಲೆ ಅಜ್ಜಿಯ ಕಡೆ ತಿರುಗಿ, “ನಾನು ಆಂಕರೇಜಿಗೆ ಹೋಗಿ ಆಡಿ ಬರ್ತೀನಿ,” ಎಂದರು.

“ನನ್ನ ಒಂದು ಮಾತು ಕೇಳಿದ್ರಾ?”

“ಈಗ ಕೇಳ್ತಿದೀನಲ್ಲ.”

ಅಜ್ಜಿ ಒದ್ದೆಬಟ್ಟೆ ಹಿಂಡಿದರು, ಮಡಚಿದರು, ಬಿಚ್ಚಿ ಮತ್ತೆ ಮಡಚಿದರು. “ದೋಣಿಗೆ ತೊಗಲು ಕಟ್ಟೋದು ಶುಕ್ರವಾರ. ನಿಮ್ಮ ಕೈಯಿಂದ ಕೊನೇ ಹಗ್ಗ ಬಿಗಿದು ಹೊರಡಿ. ಅರ್ಧಕ್ಕೆ ಬಿಟ್ಟು ಹೋಗೋ ಅಭ್ಯಾಸ ಆವಾಗ್ಲೂ ಇತ್ತು ನಿಮಗೆ.”

ಓಡಿಹೋಗಿ ರೂಡಿಗೆ ಹೇಳಿದೆ, ಟಿಕೆಟ್ಟನ್ನು ಶುಕ್ರವಾರ ಸಂಜೆಗೆ ಬದಲಿಸು ಎಂದೆ. ವಿದ್ಯುತ್ ಕೇಂದ್ರದ ಗದ್ದಲದಲ್ಲಿ ಕೇಳಿಸದೆ ಮೂರು ಸಲ ಹೇಳಿಸಿಕೊಂಡ. ನಾಲ್ಕನೇ ಸಲ ಸುಮ್ಮನೆ ಖುಷಿಗೆ ಹೇಳಿಸಿಕೊಂಡನೆಂದು ನನ್ನ ಅನುಮಾನ.


ಮಾರ್ಚ್ ೧೪, ಗುರುವಾರ, ಆಂಕರೇಜ್

ಹತ್ತು ಹುಡುಗಿಯರು, ರೂಡಿ, ನಾನು. ವಿಮಾನದಲ್ಲಿ ನಮ್ಮ ಸುತ್ತಲಿನವರು ಮೂಗು ಮುಚ್ಚಿಕೊಂಡರು, ನನ್ನ ಕೂದಲಿನ ನಾತಕ್ಕೆ. ಅಮ್ಮ ಬಾಗಿಲಲ್ಲೇ ಅಪ್ಪಿಕೊಂಡು, ಹಿಂದೆ ಸರಿದು, “ಯಾವ ದೋಣಿಯಿಂದ ಇಳಿದೆ?” ಎಂದಳು. ನಮ್ಮದೇ ದೋಣಿ ಎಂದೆ.

ಎನೋಕ್ ಇಲ್ಲದ ಮೊದಲ ದಿನ. ಅವನ ಹಳೆಯ ಸ್ವೆಟರ್ ತಂದಿದ್ದೇನೆ. ಯಾರಿಗೂ ಗೊತ್ತಿಲ್ಲ.


ಮಾರ್ಚ್ ೧೫, ಶುಕ್ರವಾರ

ಬೆಳಿಗ್ಗೆ ಪಂದ್ಯಾವಳಿಯ ಕಚೇರಿಗೆ ಹೋದೆ. ಮೇಜಿನ ಹಿಂದೆ ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಪಟ್ಟಿ ನೋಡಿ, “ಹನ್ನೊಂದು ಹೆಸರಿದೆ, ಹತ್ತು ಜನ ಇದಾರೆ. ಇನ್ನೊಬ್ರು?” ಎಂದಳು.

“ತಾತ ದೋಣಿ ಕಟ್ಟಿ ಬರ್ತಾರೆ,” ಎಂದೆ.

“ಯಾರು?”

“ನಮ್ಮ ತಾತ. ನಾಲ್ಕನೇ ನಂಬರ್.”

ಅವಳು ಪಟ್ಟಿ ನೋಡಿದಳು, ನನ್ನನ್ನು ನೋಡಿದಳು. “ಇಲ್ಲಿ ಹದಿನೇಳು ವರ್ಷ ಅಂತಿದೆ.”

“ಹೌದು, ಏಪ್ರಿಲ್‌ಗೆ ಹದಿನೆಂಟು ತುಂಬುತ್ತೆ,” ಎಂದೆ. ಇದರಲ್ಲಿ ಬಾಯಿ ಬಿಟ್ಟು ನೋಡುವಂಥದ್ದು ಏನಿದೆಯೋ. ಪಟ್ಟಣದವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಅವರೇ ಬಂದು ರುಜು ಹಾಕಬೇಕಂತೆ, ಇಲ್ಲದಿದ್ದರೆ ಹೆಸರು ತೆಗೆಯುತ್ತಾರಂತೆ. ಪಂದ್ಯ ಹನ್ನೊಂದಕ್ಕೆ. ವಿಶ್ವವಿದ್ಯಾಲಯದ ತರಬೇತುದಾರ್ತಿಯೂ ಅದೊಂದೇ ಪಂದ್ಯ ನೋಡಿ ಸಂಜೆಯ ವಿಮಾನಕ್ಕೆ ಹೊರಡುತ್ತಾಳೆ.

ಮಧ್ಯಾಹ್ನ ಎನೋಕ್ ಫೋನ್. ಊರಲ್ಲಿ ಗಾಳಿ ಎದ್ದಿದೆ, ಎದುರು ಮನೆ ಕಾಣುತ್ತಿಲ್ಲ. ದೋಣಿ ಕಟ್ಟಲು ಆಗಲಿಲ್ಲ. ಮೊದಲಾಗಿದ್ದರೆ ಏನೆಲ್ಲ ಕೂಗಾಡುತ್ತಿದ್ದೆನೋ. ಗಾಳಿ ನಿಲ್ಲುತ್ತದೆ, ನೀನು ಊಟ ಮಾಡು ಎಂದೆ. “ವಿಲ್ಮಾನೇನಾ ಮಾತಾಡ್ತಿರೋದು?” ಎಂದ. ಹುಚ್ಚ.

ರೂಡಿ ಮಾತ್ರ ಹೋಟೆಲಿನ ಮೊಗಸಾಲೆಯಲ್ಲಿ ಗೂಡಿಗೆ ಹಾಕಿದ ತೋಳದ ಹಾಗೆ ಸುತ್ತುತ್ತಿದ್ದಾನೆ.


ಮಾರ್ಚ್ ೧೬, ಶನಿವಾರ

ಬೆಳಗಿನ ಆರಕ್ಕೆ ಗಾಳಿ ಬಿತ್ತಂತೆ. ಏಳಕ್ಕೆ ಇಡೀ ಊರು ದೋಣಿಯ ಹತ್ತಿರ. ಹೊಲಿದ ತೊಗಲನ್ನು ಹನ್ನೆರಡು ಗಂಡಸರು ಚೌಕಟ್ಟಿನ ಮೇಲೆ ಎಳೆದು ಹಗ್ಗ ಬಿಗಿದರು. ಎನೋಕ್ ಫೋನನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ನನಗೆ ಸದ್ದು ಕೇಳಿಸಿದ. ಕೊನೆಯ ಹಗ್ಗ ತಾತನ ಕೈಗೆ. ಅಷ್ಟು ಹೊತ್ತು ಕೋಟಿನ ಒಳಗೆ ಆಟದ ಅಂಗಿ ಹಾಕಿಕೊಂಡೇ ನಿಂತಿದ್ದರಂತೆ. ಕಾಲು ಕೊಟ್ಟು ಎಳೆದು ಗಂಟು ಹಾಕಿದರು. “ಬಿಗಿಯಾಯ್ತಾ?” ಎಂದು ಅಜ್ಜಿ ಕೇಳಿದ್ದು ಫೋನಿನಲ್ಲಿ ನನಗೂ ಕೇಳಿಸಿತು. “ನಿನ್ನ ಜಡೆಗಿಂತ ಬಿಗಿ,” ಎಂದರು ತಾತ. ಆಮೇಲೆ ಜನರ ನಗೆಯಲ್ಲಿ ಏನೂ ಕೇಳಿಸಲಿಲ್ಲ.

ಆಂಕರೇಜಿನ ವಿಮಾನಗಳಲ್ಲಿ ಸೋಮವಾರದವರೆಗೆ ಒಂದು ಸೀಟೂ ಇಲ್ಲ. ನಿನ್ನೆ ಗಾಳಿಗೆ ನಿಂತವರೆಲ್ಲ ಇವತ್ತು ಹೊರಟಿದ್ದಾರೆ. ರೂಡಿ ತಲೆಯ ಮೇಲೆ ಕೈಹೊತ್ತು ಕೂತ. ನಾನು ಸಾಮಾನಿನ ವಿಮಾನದವರಿಗೆ ಫೋನ್ ಮಾಡಿದೆ, ಮೆಲ್ಲಗೆ ಮಾತಾಡಿದೆ, ದನಿ ಎತ್ತಲಿಲ್ಲ. ಫೇರ್‌ಬ್ಯಾಂಕ್ಸಿಗೆ ಖಾಲಿ ಡಬ್ಬಿಗಳ ಜೊತೆ ಒಂದು ಸೀಟು ಕೊಟ್ಟರು, ಅಲ್ಲಿಂದ ಆಂಕರೇಜಿಗೆ ರೈಲಿದೆ. ಒಂದಲ್ಲ, ಎರಡು ಬೇಕು ಎಂದು ಎನೋಕ್ ಮತ್ತೆ ಫೋನ್ ಮಾಡಿದ. ಅಜ್ಜಿ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಾರೆ.

“ಏನಂತಾರೆ?”

“ಇವರನ್ನ ಒಬ್ಬರನ್ನೇ ಪಟ್ಟಣಕ್ಕೆ ಬಿಡೋಕಾಗಲ್ಲ, ಆಟ ನೋಡೋ ಹುಡುಗೀರು ಬಹಳ ಇರ್ತಾರೆ ಅಂತಾರೆ.”

ಎರಡು ಸೀಟು ಕೊಟ್ಟರು. ಮೂರೂವರೆಗೆ ವಿಮಾನ ಎದ್ದಿತು, ಸಂಜೆ ಆರೂವರೆಗೆ ಫೇರ್‌ಬ್ಯಾಂಕ್ಸಿನಲ್ಲಿ ಇಳಿದಿದ್ದಾರೆ. ಈಗಷ್ಟೇ ಮಾತಾಡಿದೆ. ಕಣ್ಣಿಗೆ ಹನಿ ಹಾಕಿಯಾಯಿತು, ಎರಡು ತಟ್ಟೆ ಊಟ ಆಯಿತು. ಅಲ್ಲಿಯ ಸಾರಿಗೂ ಉಪ್ಪು ಕಡಿಮೆಯಂತೆ. ರೈಲಿನ ಟಿಕೆಟ್ಟು ಕೈಯಲ್ಲಿದೆ. ಅಮ್ಮನಿಗೆ ಹೇಳಿ ನನ್ನ ಹಳೆಯ ಕೋಣೆಯ ದೊಡ್ಡ ಹಾಸಿಗೆ ಸಿದ್ಧ ಮಾಡಿಸಿದ್ದೇನೆ. ಹುಡುಗಿಯರೆಲ್ಲ ನಿಲ್ದಾಣಕ್ಕೆ ಬರುತ್ತೇವೆಂದು ಹಟ ಹಿಡಿದಿದ್ದಾರೆ, ರೂಡಿ ವ್ಯಾನು ಗೊತ್ತು ಮಾಡಿದ್ದಾನೆ.

ತಾತ ನಾಳೆ ಬರುತ್ತಾರೆ. ಮಾರ್ಚ್ ಹದಿನೇಳು, ಭಾನುವಾರ, ಫೇರ್‌ಬ್ಯಾಂಕ್ಸಿನಿಂದ ಬರುವ ಅರೋರಾ ರೈಲು, ರಾತ್ರಿ ಎಂಟಕ್ಕೆ.